‘ಹಿಂದಿನ ತೊಂದರೆ: ಇಲ್ಲ’

1996ರ ಆಗಸ್ಟ್ 13, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ರಾಣೆಬೆನ್ನೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ಕಂಪ್ಯೂಟರ್, ಹಲಗೇರಿಯ ಗಿರಿಜವ್ವ ಎಂಬ ತುಂಬು ಗರ್ಭಿಣಿಯನ್ನು ಹೊಸ ರೋಗಿ ಎಂದು ತೋರಿಸಿತು. ಆಕೆ ಹೊಸ ರೋಗಿಯಾಗಿರಲಿಲ್ಲ. ಮೂರು ವರ್ಷದ ಹಿಂದೆ ಅದೇ ಆಸ್ಪತ್ರೆಯಲ್ಲಿ ಆಕೆಯ ಹೊಟ್ಟೆ ಕೊಯ್ದು ಮೊದಲ ಮಗುವನ್ನು ತೆಗೆದಿದ್ದರು.

ಆ ಹೊತ್ತಿನಲ್ಲಿ ನಾನು ಕಂಪ್ಯೂಟರಿನ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಒಂದು ದಿನಪತ್ರಿಕೆಗೆ ಹಾವೇರಿಯ ವರದಿಗಾರನಾಗಿದ್ದೆ. ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ರಾಣೆಬೆನ್ನೂರು, ಬ್ಯಾಡಗಿ ನನ್ನ ವ್ಯಾಪ್ತಿಗೇ ಬರುತ್ತಿದ್ದವು. ಈಗ ಆಸ್ಪತ್ರೆಗಳ ಸುದ್ದಿ ಬರೆಯಲು ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಹೊಸ ಯಂತ್ರ, ಹೊಸ ವ್ಯವಸ್ಥೆ ಬಂದಾಗ ಏನನ್ನು ನೋಡಬೇಕು? ನಾನು ನೋಡದೆ ಬಿಟ್ಟದ್ದನ್ನು ಹೇಳಿದರೆ ಉಪಯೋಗವಾದೀತು.

ಮೊದಲು ಹಳೆಯ ಒಂದು ತಪ್ಪು. ಎಂಬತ್ತರ ದಶಕದ ನಡುವಿನಲ್ಲಿ ಗುತ್ತಲದ ಕಡೆ ವಾಂತಿಭೇದಿ ಹಬ್ಬಿತು. ಆಗ ಆಸ್ಪತ್ರೆಯ ಸುದ್ದಿ ಎಂದರೆ ರಿಜಿಸ್ಟರ್. ದಪ್ಪ ರಟ್ಟಿನ ಪುಸ್ತಕ, ಶಾಯಿಯಲ್ಲಿ ಬರೆದ ಹೆಸರು, ಊರು, ವಯಸ್ಸು. ಗುತ್ತಲದಲ್ಲಿ ಒಂದು ಎಣಿಕೆ ಮಾಡಿದೆ, ಸಂಜೆಯ ಬಸ್ಸಿಗೆ ಹಾವೇರಿಗೆ ಬಂದು ಇನ್ನೊಂದು ಎಣಿಕೆ ಮಾಡಿದೆ, ಎರಡನ್ನೂ ಕೂಡಿಸಿ ಟ್ರಂಕ್ ಕಾಲಿನಲ್ಲಿ ಹುಬ್ಬಳ್ಳಿಗೆ ಓದಿ ಹೇಳಿದೆ. ಗುತ್ತಲದಲ್ಲಿ ಬರೆಸಿಕೊಂಡವರನ್ನೇ ಹಾವೇರಿಗೆ ಕಳಿಸಿದ್ದರು ಎಂಬುದು ಮರುದಿನ ಗೊತ್ತಾಯಿತು. ಒಬ್ಬೊಬ್ಬರನ್ನೂ ಎರಡೆರಡು ಸಲ ಎಣಿಸಿದ್ದೆ.

ನಮ್ಮ ಸುದ್ದಿ ಸಂಪಾದಕರು ಧಾರವಾಡದವರು. ದನಿ ಏರಿಸುತ್ತಿರಲಿಲ್ಲ. ಫೋನಿನಲ್ಲಿ, ‘ನೀವು ಸಂಖ್ಯಾ ತಂದೀರಿ, ಮನಷ್ಯಾರ್ನ ಬಿಟ್ಟು ಬಂದೀರಿ. ಇನ್ನ ಮ್ಯಾಲೆ ಹೆಸರು ಕೇಳದ ಎಣಿಸಬ್ಯಾಡ್ರಿ’ ಎಂದರು. ಮರುದಿನ ತಿದ್ದುಪಡಿ ಬಂತು. ನಾನು ಆ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಹತ್ತು ವರ್ಷವಾದ ಮೇಲೆ ಮರೆತೆ.

1995ರಲ್ಲಿ ರಾಣೆಬೆನ್ನೂರಿನ ಆ ಟ್ರಸ್ಟ್ ಆಸ್ಪತ್ರೆಗೆ ಕಂಪ್ಯೂಟರ್ ಬಂತು. ಬ್ಯಾಂಕಿನಲ್ಲಿ ಜನ ಕಂಪ್ಯೂಟರ್ ನೋಡಿದ್ದರು. ಆಸ್ಪತ್ರೆಯಲ್ಲಿ ನೋಡಿರಲಿಲ್ಲ. ದಾಖಲೆ ಕೋಣೆಯ ಒಂದು ಮೂಲೆಗೆ ಪ್ಲೈವುಡ್ ಗೋಡೆ ಹಾಕಿ, ಬಾಗಿಲಲ್ಲಿ ಚಪ್ಪಲಿ ಬಿಡಲು ಬೋರ್ಡು ಹಾಕಿದರು. ಹುಬ್ಬಳ್ಳಿಯಲ್ಲಿ ತರಬೇತಿ ಪಡೆದ ಸುನಂದಾ ಎಂಬ ಹುಡುಗಿಯನ್ನು ಆಪರೇಟರ್ ಎಂದು ನೇಮಿಸಿಕೊಂಡರು. ಹಳೆಯ ರಿಜಿಸ್ಟರುಗಳನ್ನು ಅವಳಿಗೆ ಓದಿ ಹೇಳಿ ಕಂಪ್ಯೂಟರಿಗೆ ತುಂಬಿಸುವ ಕೆಲಸ ಹುಸೇನಸಾಬ್ ಎಂಬ ದಾಖಲೆ ಗುಮಾಸ್ತರದು. ಇಪ್ಪತ್ತಾರು ವರ್ಷ ಅದೇ ಕೋಣೆಯಲ್ಲಿದ್ದವರು. ಪ್ರತಿ ವರ್ಷದ ಕೇಸ್ ಪೇಪರುಗಳನ್ನು ಒಂದೊಂದು ಬಣ್ಣದ ಅರಿವೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು.

ಉದ್ಘಾಟನೆಯ ದಿನ ಟ್ರಸ್ಟಿನ ಕಾರ್ಯದರ್ಶಿಗಳು ನಮ್ಮನ್ನೆಲ್ಲ ಒಳಗೆ ಕರೆದರು.

‘ನನ್ನ ಹೆಸರು ಹಾಕವಾ ತಂಗಿ’ ಎಂದರು.

ಸುನಂದಾ ಟೈಪ್ ಮಾಡಿದಳು. 1988ರಲ್ಲಿ ಅವರ ಅಪೆಂಡಿಕ್ಸ್ ತೆಗೆದದ್ದು, ಕೇಸ್ ಪೇಪರಿನ ನಂಬರು, ಎಲ್ಲ ಪರದೆಯ ಮೇಲೆ ಬಂತು. ಒಂದು ನಿಮಿಷವೂ ಹಿಡಿಯಲಿಲ್ಲ. ಚಪ್ಪಾಳೆಯಾಯಿತು. ಕಾರ್ಯದರ್ಶಿಗಳು ಹುಸೇನಸಾಬ್ರ ಕಡೆ ತಿರುಗಿ, ‘ಏನ್ರೀ ಸಾಬ್ರ, ನಿಮಗ ಎಷ್ಟೊತ್ತು ಹಿಡೀತಿತ್ತು?’ ಎಂದು ಕೇಳಿದರು.

‘ನಿಮ್ಮ ಕಾಗದಾ ಅಂದ್ರ ಲಗೂನ ಸಿಗತಿತ್ರಿ’ ಎಂದರು ಹುಸೇನಸಾಬ್. ‘ನೀವು ಹುಟ್ಟಿದಾಗಿಂದ ಹೆಸರು ಬದಲ ಮಾಡಿಲ್ಲಲ್ರಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಬರೆದುಕೊಳ್ಳಲಿಲ್ಲ.

‘ಇನ್ನು ನಿಮಿಷದಲ್ಲಿ ಸಿಗಲಿದೆ ಹಳೆಯ ಚೀಟಿ’ ಎಂದು ನನ್ನ ವರದಿ ಬಂತು. ಅದರ ಕೊನೆಯ ವಾಕ್ಯ ಹೀಗಿತ್ತು: ‘ರೋಗಿಗಳ ಹಳೆಯ ಕಡತಕ್ಕಾಗಿ ಗಂಟು ಬಿಚ್ಚಿ ಹುಡುಕುವ ಕಾಲ ಮುಗಿಯಿತು.’ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದೇ ಹೆಸರಿನ ಪರೀಕ್ಷೆಯಿಂದ ನಾನೇ ತೆಗೆದ ತೀರ್ಮಾನ. ಕಾರ್ಯದರ್ಶಿಗಳು ಆ ಕತ್ತರಿಕೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಎರಡು ತಿಂಗಳಲ್ಲಿ ಗಂಟುಗಳು ಹಿಂದಿನ ಹಳೆಯ ವಾರ್ಡಿಗೆ ಹೋದವು, ಹುಸೇನಸಾಬ್ ಬ್ಯಾಡಗಿಯಲ್ಲಿದ್ದ ಆಸ್ಪತ್ರೆಯ ಸಣ್ಣ ಶಾಖೆಗೆ ಚೀಟಿ ಹರಿಯಲು ಹೋದರು. ವರ್ಗದ ಪತ್ರದ ಜೊತೆ ನನ್ನ ವರದಿಯ ಒಂದು ಝೆರಾಕ್ಸ್ ಪ್ರತಿ ಲಗತ್ತಿಸಿದ್ದರಂತೆ. ಇದು ನನಗೆ ಆಮೇಲೆ ತಿಳಿಯಿತು.

ಕಂಪ್ಯೂಟರಿಗೆ ತುಂಬಿಸುವ ಕೆಲಸ ಹೇಗಿತ್ತು ಎಂದು ಒಂದೆರಡು ಸಲ ನೋಡಿದ್ದೆ. ಪರದೆಯ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತಿತ್ತು. ಒಂದು ಕಾಲಂ ತುಂಬದೆ ಮುಂದಿನದಕ್ಕೆ ಹೋಗುವಂತಿರಲಿಲ್ಲ. ಗಂಡನ ಹೆಸರಿನ ಕಾಲಮಿನಲ್ಲಿ ದಿನಕ್ಕೆ ಹತ್ತು ಸಲ ಗಾಡಿ ನಿಲ್ಲುತ್ತಿತ್ತು, ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ.

‘ಹೇಳ ಬೇ ಯಕ್ಕಾ, ಇದು ತಗೋಳೂದಿಲ್ಲ’ ಎನ್ನುತ್ತಿದ್ದಳು ಸುನಂದಾ.

‘ನಿನಗ ಬೇಕೋ, ನಿನ್ನ ಪೆಟಗಿಗೆ ಬೇಕೋ?’

‘ಪೆಟಗಿಗೇ ಬೇಕು.’

‘ಹಂಗಾರ ಅವರs ಬಂದು ಪೆಟಗಿಗೆ ಹೇಳ್ತಾರ ತಗೋ. ಎತ್ತಿಗೆ ನೀರು ಕುಡಸಾಕ ಹೋಗ್ಯಾರ.’

ಇದನ್ನು ಒಂದು ಹಾಸ್ಯದ ತುಣುಕು ಮಾಡಿ ಭಾನುವಾರದ ಪುಟಕ್ಕೆ ಕಳಿಸಿದ್ದೆ. ತುಂಬದೆ ಮುಂದೆ ಹೋಗದ ಉಳಿದ ಕಾಲಮುಗಳಲ್ಲಿ ಏನು ತುಂಬುತ್ತಿದ್ದಾರೆ ಎಂದು ಕೇಳಲಿಲ್ಲ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ‘ಕಂಪ್ಯೂಟರಿಗೆ ಒಂದು ವರ್ಷ’ ಎಂದು ಬರೆಯಿರಿ ಅಂತ ಕಾರ್ಯದರ್ಶಿಗಳು ಹೇಳಿಕಳಿಸಿದ್ದರು, ಅದಕ್ಕಾಗಿ ಹೋಗಿದ್ದೆ. ಸಮಯಗಳನ್ನು ನೋಟ್‌ಬುಕ್ಕಿನಿಂದ ಕೊಡುತ್ತಿದ್ದೇನೆ.

ಗಿರಿಜವ್ವನನ್ನು ಹಲಗೇರಿಯಿಂದ ಟೆಂಪೊದಲ್ಲಿ ತಂದಿದ್ದರು. ರಕ್ತ ಹೋಗುತ್ತಿತ್ತು. ಗಂಡ ರಕ್ತದ ಬಾಟಲಿಗಾಗಿ ಆಗಲೇ ದಾವಣಗೆರೆಗೆ ಹೊರಟಿದ್ದ. ಜೊತೆಯಲ್ಲಿ ಉಳಿದವಳು ಅತ್ತೆ ಫಕ್ಕೀರವ್ವ. ಡಾಕ್ಟರಬಾಯಿ ಪರೀಕ್ಷೆ ಮಾಡಿ ಕೂಡಲೇ ಆಪರೇಷನ್ ಎಂದರು. ಅರಿವಳಿಕೆಯ ಡಾಕ್ಟರು ಇನ್ನೊಂದು ಕೇಸಿಗಾಗಿ ಬಂದವರು ಅಲ್ಲೇ ಇದ್ದರು. ರಕ್ತದೊತ್ತಡ ಇಳಿದಿದ್ದರಿಂದ ಬೆನ್ನಿಗೆ ಚುಚ್ಚುವಂತಿರಲಿಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಿತ್ತು.

ಹೊಟ್ಟೆಯ ಮೇಲೆ ಹಳೆಯ ಹೊಲಿಗೆಯ ಗುರುತಿತ್ತು. ಮೊದಲನೆಯದು ಎಲ್ಲಿ ಆಯಿತು ಎಂದು ಡಾಕ್ಟರಬಾಯಿ ಕೇಳಿದರು.

‘ಇಲ್ಲೇ ಅಂತಾರ್ರಿ’ ಎಂದಳು ಫಕ್ಕೀರವ್ವ. ‘ಚೊಚ್ಚಲ ತವರವರದಲ್ರಿ, ನಾವು ಬಂದಿರಲಿಲ್ಲ. ಕೊಯ್ದದ್ದು ಮುಂಜಾನೆ, ಸಂಜೀತನಾ ಕಣ್ಣ ತಗೀಲಿಲ್ಲಂತ. ಉಸಿರು ತಾ ಆಡವಲ್ದಾಗಿತ್ತಂತ, ಚೀಲಾ ಒತ್ತಿ ಆಡಿಸಿದ್ರಂತ. ಬೀಗತಿ ಹೇಳ್ತಿದ್ಲು.’

ಡಾಕ್ಟರಬಾಯಿ ಅರಿವಳಿಕೆಯವರ ಮುಖ ನೋಡಿದರು. ಮೊದಲ ಆಪರೇಷನ್ ಮಾಡಿದ ಡಾಕ್ಟರು ಊರು ಬಿಟ್ಟು ಎರಡು ವರ್ಷವಾಗಿತ್ತು.

‘ಯಾವ ಔಷಧಿ ಕೊಟ್ಟಿದ್ರು ಅಂತ ಗೊತ್ತಾಗಬೇಕು’ ಎಂದರು ಅರಿವಳಿಕೆಯವರು. ‘ಒಂದು ಇಂಜೆಕ್ಷನ್ ಕೆಲವ್ರಿಗೆ ಹೊಂದೂದಿಲ್ಲ. ಅದೇ ಆಗಿದ್ರ, ಈ ರಕ್ತ ಹೋದ ಮೈಗೆ ಮತ್ತ ಕೊಟ್ರ ಉಳೀತಾಳಂತ ನಾ ಹೇಳಲಾರೆ. ಬ್ಯಾರೇ ಏನರ ಕಾರಣ ಇದ್ರ, ಅದನ್ನ ಬಿಡೂದೂ ಅಪಾಯನs. ಹಳೇ ಪೇಪರ್ ತರಸ್ರಿ. ಅರ್ಧ ತಾಸು ಕಾಯ್ತೇನಿ, ಮಗೀನ ಎದಿಬಡಿತ ಅದಕಿಂತ ಜಾಸ್ತಿ ಕಾಯೂದಿಲ್ಲ.’

ನರ್ಸು ಸುನಂದಾಳ ಹತ್ತಿರ ಓಡಿ ಬಂದಳು. 10.20. ಗಿರಿಜವ್ವ, ಹಲಗೇರಿ. ಇಲ್ಲ. ಗಂಡನ ಹೆಸರಿನಿಂದ ಹುಡುಕಿದರು. ಇಲ್ಲ. ಹಲಗೇರಿಯಿಂದ 1993ರಲ್ಲಿ ಹೆರಿಗೆಗೆ ಬಂದವರನ್ನೆಲ್ಲ ತೆಗೆದು ನೋಡಿದರು. ಯಾರಿಗೂ ಆಪರೇಷನ್ ಆಗಿರಲಿಲ್ಲ.

‘ಬ್ಯಾರೇ ದವಾಖಾನಿ ಇರಬೇಕ್ರಿ’ ಎಂದಳು ಸುನಂದಾ.

‘ನಮ್ಮ ಸೊಸಿ ಸುಳ್ಳ ಹೇಳ್ತಾಳೇನು?’ ಫಕ್ಕೀರವ್ವ ಬಾಗಿಲಲ್ಲೇ ನಿಂತು ಕೂಗಿದಳು. ಅವಳ ಕೈಯಲ್ಲಿ ಸೊಸೆಯ ಬಳೆಗಳಿದ್ದವು. ‘ಆ ಗ್ವಾಡಿ ಮ್ಯಾಲಿನ ಪೇಪರಿನ್ಯಾಗ ಎಲ್ಲಾ ಸಿಗತೈತಿ ಅಂತ ಬರದಾರಂತ ನರ್ಸ ಹೇಳಿದ್ಲಲ್ಲ? ತಗೀರಿ ಮತ್ತ!’

ಗೋಡೆಯ ಮೇಲಿನದು ನನ್ನ ವರದಿ. ನಾನು ಎದ್ದು ಪ್ಲೈವುಡ್ ಗೋಡೆಯ ಹೊರಗೆ, ಬಾಗಿಲ ಪಕ್ಕದಲ್ಲೇ ಇದ್ದ ಆಫೀಸಿನ ಫೋನು ಹಿಡಿದೆ. ಬ್ಯಾಡಗಿಯ ಶಾಖೆಯಲ್ಲಿ ಫೋನಿರಲಿಲ್ಲ. ಪಕ್ಕದ ಮೆಣಸಿನಕಾಯಿ ದಲಾಲಿ ಅಂಗಡಿಯದು ನನ್ನ ನೋಟ್‌ಬುಕ್ಕಿನಲ್ಲಿತ್ತು, ಮಾರುಕಟ್ಟೆ ದರ ಕೇಳಲು ಇಟ್ಟುಕೊಂಡದ್ದು. ಎರಡು ಸಲ ಲೈನು ಸಿಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಸುಗ್ಗಿಯ ಕಾಲವಲ್ಲವಾದ್ದರಿಂದ ಅಂಗಡಿಯಲ್ಲಿ ಗದ್ದಲವಿರಲಿಲ್ಲ.

‘ಹುಸೇನಸಾಬ್ರನ ಕರೀರಿ. ಜೀವದ ಪ್ರಶ್ನೆ ಐತ್ರಿ.’

‘ಹಿಡಕೊಂಡಿರ್ರಿ.’

10.41ಕ್ಕೆ ಅವರ ದನಿ ಬಂತು. ಏದುಸಿರು ಬಿಡುತ್ತಿದ್ದರು. ನಾನು ಹೆಸರು, ಊರು, ವರ್ಷ ಹೇಳಿದೆ.

‘ಗಿರಿಜವ್ವ ಅನ್ನೂದು ಗಂಡನ ಮನಿ ಹೆಸರರೀ’ ಎಂದರು. ‘ಲಗ್ನದಾಗ ಅಕ್ಕಿ ಮ್ಯಾಲೆ ಬರದು ಇಟ್ಟದ್ದು. ಚೊಚ್ಚಲಕ್ಕ ಕರಕೊಂಡು ಬಂದಾಕಿ ಹಡದವ್ವ. ಆಕಿ ತಾ ಇಟ್ಟ ಹೆಸರನs ಬರಸ್ತಾಳ, ಬೀಗರು ಇಟ್ಟದ್ದನ್ನ ಯಾಕ ಬರಸ್ತಾಳ? ಊರೂ ತಂದs ಬರಸ್ತಾಳ. ಹಲಗೇರಿ ಹುಡುಕಬ್ಯಾಡ್ರಿ. ತವರೂರು ಯಾವುದು, ಹುಟ್ಟಿದ ಹೆಸರೇನು, ಅದನ್ನ ಕೇಳ್ರಿ.’

ನನ್ನ ಮನೆಯಲ್ಲೂ ಮದುವೆಯಾದ ದಿನ ನನ್ನ ಹೆಂಡತಿಯ ಹೆಸರು ಬದಲಾಗಿತ್ತು. ಆ ಕೋಣೆಯಲ್ಲಿದ್ದವರಲ್ಲಿ ಈ ಪದ್ಧತಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ಸುನಂದಾ ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು, ‘ಮುಂದಿನ ತಿಂಗಳು ನನ್ನ ಹೆಸರೂ ಬದಲಾಗೂದೈತ್ರಿ. ನನಗರ ತಿಳೀಬಾರದs?’ ಎಂದಳು.

ಫಕ್ಕೀರವ್ವನನ್ನು ಕೇಳಿದೆವು. ತವರು ಐರಣಿ ಎಂದಳು. ಹಳೆಯ ಹೆಸರು ಹೇಳಲಿಲ್ಲ.

‘ಅದನ್ನ ನಾವು ಮನ್ಯಾಗ ಎತ್ತೂದಿಲ್ರಿ. ನಾಕು ವರ್ಷ ಆತು. ನನಗ ಖರೇನ ನೆನಪಿಲ್ಲ.’ ಅವಳ ದನಿ ಈಗ ತಗ್ಗಿತ್ತು.

ನರ್ಸು ಆಪರೇಷನ್ ಕೋಣೆಯ ಬಾಗಿಲಲ್ಲಿದ್ದ ಸ್ಟ್ರೆಚರಿನ ಕಡೆ ಹೋಗಿ ಬಗ್ಗಿದಳು. ‘ತಂಗೀ, ಕಣ್ಣ ತಗಿ. ನಿಮ್ಮವ್ವ ನಿನಗ ಏನಂತ ಕರೀತಾಳ?’

ಗಿರಿಜವ್ವ ಮೊದಲು ಅತ್ತೆಯ ಕಡೆ ನೋಡಿದಳು.

‘ಹೇಳ ಬೇ’ ಎಂದಳು ಫಕ್ಕೀರವ್ವ. ‘ನಾ ಏನೂ ಅನ್ನೂದಿಲ್ಲ, ಹೇಳ.’

‘ಚನ್ನಿ’ ಎಂದಳು ಗಿರಿಜವ್ವ. ‘ಚನ್ನವ್ವ.’

10.49. ಚನ್ನವ್ವ, ಐರಣಿ, 1993. ಪರದೆಯ ಮೇಲೆ ಒಂದೇ ಸಾಲು ಬಂತು. ಸುನಂದಾ ಓದಿದಳು: ‘ಆಪರೇಷನ್, ಹೌದು. ಹಿಂದಿನ ತೊಂದರೆ, ಇಲ್ಲ.’ ಮತ್ತೊಮ್ಮೆ ಜೋರಾಗಿ, ‘ತೊಂದ್ರಿ ಇಲ್ಲ ಅಂತ ಐತ್ರಿ!’ ಎಂದಳು. ನರ್ಸು ಒಳಗೆ ಹೇಳಲು ತಿರುಗಿದಳು.

ಫೋನು ಇನ್ನೂ ನನ್ನ ಕೈಯಲ್ಲಿತ್ತು. ನಾನು ಅದೇ ಮಾತನ್ನು ಹುಸೇನಸಾಬ್ರಿಗೆ ಹೇಳಿದೆ.

‘ನಿಲ್ಲಸ್ರಿ ಆಕೀನ!’ ಎಂದು ಅವರು ಕಿರುಚಿದ್ದು ಸುನಂದಾಳಿಗೂ ಕೇಳಿಸಿತು. ‘ಆ ಕಾಲಂ ಸುಳ್ಳೈತಿ. ತುಂಬಸಿದಾವ ನಾನs ಅದೇನಿ. ಏನರ ತುಂಬದ ಮುಂದ ಹೋಗವಲ್ದು ಅಂತ ರಿಜಿಸ್ಟರಿನ್ಯಾಗ ಇರಲಾರದ ಕಾಲಮಿಗೆಲ್ಲಾ, ಗಂಡನ ಹೆಸರಿಗೂ, ಇಲ್ಲ ಅಂತ ಬರಸೇನಿ. ಕಾರ್ಯದರ್ಶಿ ಸಾಹೇಬ್ರು ಉದ್ಘಾಟನಕ್ಕ ಮುಗೀಬೇಕು ಅಂದಿದ್ರು. ಖರೇದ್ದು ಕಾಗದದಾಗೈತಿ. ನಂಬರ್ ತಗೊಂಡು ಕಾಗದಾ ತಗೀರಿ!’

ನಾನು ನರ್ಸಿನ ಹಿಂದೆ ಓಡಿ ಅವಳ ತೋಳು ಹಿಡಿದು ನಿಲ್ಲಿಸಿದೆ. ವರದಿಗಾರನ ವೃತ್ತಿಯಲ್ಲಿ ನಾನು ನಡೆಯುತ್ತಿದ್ದುದರ ನಡುವೆ ಕೈಹಾಕಿದ್ದು ಅದೊಂದೇ ಸಲ.

ಹಳೆಯ ವಾರ್ಡಿನ ಕೀಲಿ ಎಲ್ಲಿದೆ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಕಾಯುತ್ತಿದ್ದ ಹುಸೇನಸಾಬ್ರಿಗೆ ಗೊತ್ತಿತ್ತು. ಅವರ ಹಳೆಯ ಮೇಜಿನ ಬಲಗಡೆಯ ಖಾನೆ. ‘ತೊಂಬತ್ಮೂರು ಹಸಿರ ಅರಿವಿ. ಐರಣಿ ಅಂತ ಅಂಚಿಗೆ ಪೆನ್ಸಿಲಿನ್ಯಾಗ ಬರದೇನಿ. ಹೆಣ್ಣಮಕ್ಕಳ ಕಾಗದಕ್ಕೆಲ್ಲಾ ತವರೂರು ಬರದೇನಿ.’

10.54ಕ್ಕೆ ಬಾಗಿಲು ತೆರೆಯಿತು. ನಾನು, ಸುನಂದಾ, ಫಕ್ಕೀರವ್ವ ಮೂವರೂ ಒಳಗೆ ಹೋದೆವು. ಸುನಂದಾ ಪರದೆಯ ಮೇಲೆ ಬಂದ ಕೇಸ್ ಪೇಪರಿನ ನಂಬರನ್ನು ಅಂಗೈಯಲ್ಲಿ ಬರೆದುಕೊಂಡಿದ್ದಳು. ಹಸಿರು ಗಂಟುಗಳು ಮೂರಿದ್ದವು. ಹನ್ನೊಂದಕ್ಕೆ ಸರಿಯಾಗಿ ಕರೆಂಟು ಹೋಯಿತು, ಆ ವರ್ಷ ಅದು ದಿನಾ ಹೋಗುವ ಹೊತ್ತು. ಗಂಟುಗಳನ್ನು ಬಾಗಿಲ ಬೆಳಕಿಗೆ ಎಳೆದುಕೊಂಡೆವು. ಫಕ್ಕೀರವ್ವನಿಗೆ ಓದಲು ಬರುತ್ತಿರಲಿಲ್ಲ, ಅವಳು ಗಂಟು ಬಿಚ್ಚಿ ಬಿಚ್ಚಿ ನಮ್ಮ ಮುಂದೆ ಸುರಿದಳು. 11.04ಕ್ಕೆ ಮೂರನೆಯ ಗಂಟಿನಲ್ಲಿ ಚನ್ನವ್ವನ ಕಾಗದ ಸಿಕ್ಕಿತು. ಎರಡನೆಯ ಹಾಳೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಅಡ್ಡವಾಗಿ ಬರೆದಿತ್ತು. ಇಂಜೆಕ್ಷನ್ನಿನ ಹೆಸರು. ಅದರ ನಂತರ ಮೂರೂವರೆ ಗಂಟೆ ಸ್ವಂತ ಉಸಿರಾಟವಿಲ್ಲ. ಮುಂದೆ ಎಂದೂ ಕೊಡಕೂಡದು.

ಸುನಂದಾ ಓಡಿದಳು. ಚಪ್ಪಲಿ ಆ ವಾರ್ಡಿನಲ್ಲೇ ಉಳಿದವು.

ಒಳಗೆ ಏನಾಯಿತು ಎಂಬುದನ್ನು ನಾನು ನೋಡಿಲ್ಲ. ಅರಿವಳಿಕೆಯ ಡಾಕ್ಟರು ಆ ಸಂಜೆ ಹೇಳಿದ್ದು ಇಷ್ಟು: ಅರ್ಧ ತಾಸು ಮುಗಿದುಹೋಗಿತ್ತು, ಮಗುವಿನ ಎದೆಬಡಿತ ಇಳಿಯುತ್ತಿತ್ತು, ಅದೇ ಇಂಜೆಕ್ಷನ್ನನ್ನು ಸಿರಿಂಜಿಗೆ ತೆಗೆದುಕೊಂಡು ಆಗಿತ್ತು. ಕಾಗದ ನೋಡಿ ಅದನ್ನು ತಟ್ಟೆಯಲ್ಲಿಟ್ಟು ಬೇರೆ ಔಷಧಿ ತೆಗೆದುಕೊಂಡರು. ಜನರೇಟರಿನ ಬೆಳಕಿನಲ್ಲಿ ಆಪರೇಷನ್ ಆಯಿತು. 11.26ಕ್ಕೆ ಹೆಣ್ಣು ಮಗು. ದಾವಣಗೆರೆಯಿಂದ ರಕ್ತ ಬಂದಾಗ ಒಂದೂಕಾಲು. ಮಧ್ಯಾಹ್ನ ಎರಡರ ಹೊತ್ತಿಗೆ ಗಿರಿಜವ್ವ ಕಣ್ಣು ತೆರೆದಳು.

ಫಕ್ಕೀರವ್ವ ವರಾಂಡದಲ್ಲಿ ಕುಳಿತಿದ್ದಳು. ಬಳೆಗಳು ಇನ್ನೂ ಕೈಯಲ್ಲಿದ್ದವು. ನನ್ನನ್ನು ಕರೆದು, ‘ಯಪ್ಪಾ, ಪೇಪರಿನ್ಯಾಗ ಬರದಾವ ನೀನs ಏನು?’ ಎಂದು ಕೇಳಿದಳು. ಹೌದು ಎಂದೆ. ‘ಅದನ್ನ ಗ್ವಾಡಿ ಮ್ಯಾಲಿಂದ ತಗಸ’ ಎಂದಳು.

ಆ ಸಂಜೆ ಹುಬ್ಬಳ್ಳಿಗೆ ಫೋನಿನಲ್ಲಿ ವರದಿ ಕೊಟ್ಟೆ. ಹಳೆಯ ಗುಮಾಸ್ತರ ನೆನಪು, ಹೆಂಗಸರ ಎರಡು ಹೆಸರು, ಸುಳ್ಳು ತುಂಬಿದ ಕಾಲಂ, ಕೆಂಪು ಪೆನ್ಸಿಲು, ಎಲ್ಲ ಇತ್ತು. ಬೆಳಿಗ್ಗೆ ಪತ್ರಿಕೆ ತೆರೆದೆ. ‘ಬಾಣಂತಿಯ ಜೀವ ಉಳಿಸಿದ ಕಂಪ್ಯೂಟರ್’ ಎಂಬ ತಲೆಬರಹ, ಕೆಳಗೆ ಎಂಟು ಸಾಲು. ಕಾಲಮಿನ ವಿಷಯ ಇರಲಿಲ್ಲ. ಹುಸೇನಸಾಬ್ ಇರಲಿಲ್ಲ.

ಧಾರವಾಡದ ಹಳೆಯ ಸಂಪಾದಕರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಹೊಸಬರಿಗೆ ಫೋನು ಮಾಡಿದೆ.

‘ಸುಳ್ಳೇನೈತ್ರಿ ಅದರಾಗ?’ ಎಂದರು ಅವರು. ‘ಹೆಸರು ಹಾಕಿದ್ರಿ, ನಂಬರ್ ಬಂತು. ಕಂಪ್ಯೂಟರ್ ಇಲ್ಲಂದಿದ್ರ ನಂಬರ್ ಎಲ್ಲಿಂದ ಬರ್ತಿತ್ತು?’

‘ಅದನ್ನ ನಂಬಿದ್ರ ಆಕಿ ಸಾಯ್ತಿದ್ಲು, ಸರ್.’

‘ಸತ್ತಿಲ್ಲಲ್ಲ.’

ಎರಡು ಮಾತೂ ನಿಜವಾಗಿದ್ದವು. ನಂಬರು ಕಂಪ್ಯೂಟರೇ ಕೊಟ್ಟಿತ್ತು, ನಿಮಿಷದೊಳಗೇ ಕೊಟ್ಟಿತ್ತು. ವಾದ ಮಾಡುವುದನ್ನು ಬಿಟ್ಟು, ಹಿಂದಿನ ವರ್ಷದ ನನ್ನ ವರದಿಗೆ ತಿದ್ದುಪಡಿ ಕಳಿಸಿದೆ: ‘ಗಂಟು ಬಿಚ್ಚಿ ಹುಡುಕುವ ಕಾಲ ಮುಗಿಯಿತು ಎಂದು ಬರೆದದ್ದು ತಪ್ಪು. ಹಳೆಯ ಕಡತದ ಎಲ್ಲ ವಿವರ ಕಂಪ್ಯೂಟರಿನಲ್ಲಿಲ್ಲ.’ ಒಂಬತ್ತು ದಿನ ಬಿಟ್ಟು ಒಳಪುಟದಲ್ಲಿ ಬಂತು. ನಾನೇ ಒಯ್ದು ಕಾರ್ಯದರ್ಶಿಗಳಿಗೆ ಕೊಟ್ಟೆ. ಅವರು ಓದಿ, ಗೋಡೆಯಿಂದ ಕಟ್ಟು ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರು.

ಸೆಪ್ಟೆಂಬರಿನಲ್ಲಿ ಹುಸೇನಸಾಬ್ ರಾಣೆಬೆನ್ನೂರಿಗೆ ಮರಳಿದರು. ಹುಬ್ಬಳ್ಳಿಯಿಂದ ಪ್ರೋಗ್ರಾಂ ಬರೆದವನನ್ನು ಕರೆಸಿ ತವರೂರು, ಹುಟ್ಟಿದ ಹೆಸರು ಎಂಬ ಎರಡು ಕಾಲಂ ಸೇರಿಸಿದರು. ತೊಂದರೆಯ ಕಾಲಮನ್ನು ಖಾಲಿ ಬಿಟ್ಟರೂ ಮುಂದೆ ಹೋಗುವಂತೆ ಮಾಡಿದರು. ಆಮೇಲೆ ಹುಸೇನಸಾಬ್ ಎಲ್ಲ ಗಂಟುಗಳನ್ನೂ ಮತ್ತೆ ಬಿಚ್ಚಿ ಒಂದೊಂದೇ ಕಾಗದ ಓದಿದರು. ಸುನಂದಾ ಮದುವೆಯಾಗಿ ಹೊಸ ಹೆಸರಿನಿಂದ ಬಂದು ತುಂಬಿದಳು. ಸಂಬಳದ ಪಟ್ಟಿಯಲ್ಲಿ ಹಳೆಯ ಹೆಸರೇ ಇತ್ತು. ಆ ಕೆಲಸ ಎಂಟು ತಿಂಗಳು ಹಿಡಿಯಿತು. ಕಂಪ್ಯೂಟರಿನಲ್ಲಿ ‘ಇಲ್ಲ’ ಎಂದಿದ್ದು ಕಾಗದದಲ್ಲಿ ಕೆಂಪು ಪೆನ್ಸಿಲು ಇದ್ದವರು ಇನ್ನೂ ಮೂವರು ಸಿಕ್ಕರು. ಮೂವರ ಮನೆಗೂ ಹುಸೇನಸಾಬ್ ತಾವೇ ಬಸ್ಸಿನಲ್ಲಿ ಹೋಗಿ ಹೇಳಿ ಬಂದರು.

ನಿವೃತ್ತನಾದ ಮೇಲೆ 2018ರಲ್ಲಿ ನಾನು ಹಲಗೇರಿಗೆ ಹೋಗಿದ್ದೆ. ಫಕ್ಕೀರವ್ವ ತೀರಿಕೊಂಡಿದ್ದಳು. ಗಿರಿಜವ್ವ ಪೆಟ್ಟಿಗೆಯಿಂದ ಒಂದು ಕಾಗದ ತೆಗೆದು ತೋರಿಸಿದಳು, 1993ರ ಕೇಸ್ ಪೇಪರಿನ ಎರಡನೆಯ ಹಾಳೆಯ ಝೆರಾಕ್ಸ್. ಝೆರಾಕ್ಸಿನಲ್ಲಿ ಕೆಂಪಕ್ಷರ ಕಪ್ಪಾಗಿ ಬಂದಿದ್ದರಿಂದ ಅದರ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿಸಿ, ಪ್ಲಾಸ್ಟಿಕ್ ಹಾಕಿಸಿದ್ದಳು. ತಾಯಿಗೆ ಇದ್ದದ್ದು ಮಕ್ಕಳಿಗೂ ಇರಬಹುದು ಎಂದು ಡಾಕ್ಟರಬಾಯಿ ಹೇಳಿದ್ದರಂತೆ.

ಆ ಮಂಗಳವಾರ ಹುಟ್ಟಿದ ಮಗಳನ್ನು ಆಕೆ 2018ರಲ್ಲೇ ಚೊಚ್ಚಲ ಹೆರಿಗೆಗೆ ಬೇರೊಂದು ಆಸ್ಪತ್ರೆಗೆ ಕರೆದೊಯ್ದಿದ್ದಳು. ಕೌಂಟರಿನ ಹುಡುಗ ಹೆಸರು ಟೈಪ್ ಮಾಡುತ್ತಲೇ ತೊಂದರೆಯ ಕಾಲಮಿನಲ್ಲಿ ‘ಇಲ್ಲ’ ಎಂದು ತಾನಾಗಿಯೇ ಬಂತು. ಗಿರಿಜವ್ವ ಕಾಗದವನ್ನು ಗಾಜಿನ ಕಿಂಡಿಯೊಳಗೆ ತೂರಿಸಿ, ‘ಅದನ್ನ ತಗದು ಇದನ್ನ ಬರಿಯಪ್ಪಾ’ ಎಂದಳು. ಹುಡುಗ ಆಮೇಲೆ ಬರೆಯುತ್ತೇನೆ ಎಂದ. ಹಿಂದೆ ಹದಿನಾಲ್ಕು ಜನರ ಸರದಿಯಿತ್ತು. ಅವನು ತೆಗೆದು ಬರೆಯುವವರೆಗೆ ಆಕೆ ಕಿಂಡಿ ಬಿಟ್ಟು ಕದಲಲಿಲ್ಲ. ಮಗಳ ಚೀಟಿಯ ಮೇಲೆ ಎರಡೂ ಹೆಸರುಗಳನ್ನು ಬರೆಸಿದಳು.